ಕಪ್ ನಮ್ದು, ಸಾವು ಯಾರದ್ದು?

ಜೂನ್ 5ರ ಬೆಳಿಗ್ಗೆ ನಮ್ಮ ಬಾಲ್ಕನಿಯ ತಂತಿಯ ಮೇಲೆ ಒಂದು ಕೆಂಪು ಜೆರ್ಸಿ ಒಣಗುತ್ತಿತ್ತು. ಬೆನ್ನಿನ ಮೇಲೆ 18. ಫೈನಲ್ ದಿನ ರಾತ್ರಿ ಮಗ ಅದನ್ನು ಹಾಕಿಕೊಂಡೇ ಮಲಗಿದ್ದ. ಮರುದಿನ ಬೈದು ಬಿಚ್ಚಿಸಿ ಒಗೆಯಲು ಹಾಕಿದ್ದೆ. ತೆಗೆದು ಮಡಚಿ ಒಳಗಿಡೋಣ ಅಂತ ಹೋದವಳು ಕ್ಲಿಪ್ಪಿಗೆ ಕೈ ಹಾಕಿ ಸುಮ್ನೆ ನಿಂತುಬಿಟ್ಟೆ. ಎದುರು ಮನೆಯ ತಂತಿಯ ಮೇಲೂ ಅಂಥದ್ದೇ ಒಂದು. ಅದರ ಕೆಳಗಿನ ಮನೆಯಲ್ಲಿ ಎರಡು, ಒಂದು ದೊಡ್ಡದು, ಇನ್ನೊಂದು ಪುಟಾಣಿ. ಹಿಂದಿನ ಸಂಜೆ ಟಿವಿಯಲ್ಲಿ ಸ್ಟೇಡಿಯಂ ಗೇಟಿನ ಹೊರಗೆ ರಾಶಿ ಬಿದ್ದ ಚಪ್ಪಲಿ, ಶೂಗಳನ್ನು ನೋಡಿದ್ದೆ. ಸದ್ಯ, ಈ ಬಟ್ಟೆ ಹಾಕಿಕೊಳ್ಳುವವರೆಲ್ಲ ಮನೆಯಲ್ಲೇ ಇದ್ದಾರಲ್ಲ ಅಂತ ಮೊದಲು ಅನಿಸಿತು. ನಾಚಿಕೆ ಆಮೇಲೆ ಬಂತು.

ನಡೆದದ್ದು ಎಲ್ಲರಿಗೂ ಗೊತ್ತು. ಆದರೂ ಒಮ್ಮೆ ಜೋಡಿಸಿ ಹೇಳಬೇಕು. 2025ರ ಜೂನ್ 3ರ ಮಂಗಳವಾರ ರಾತ್ರಿ ಅಹಮದಾಬಾದಿನಲ್ಲಿ ಐಪಿಎಲ್ ಕ್ರಿಕೆಟ್ ಫೈನಲ್ಲಿನಲ್ಲಿ ನಮ್ಮ ಬೆಂಗಳೂರಿನ ಆರ್‌ಸಿಬಿ ತಂಡ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್ನಿನಿಂದ ಗೆದ್ದಿತು. 18 ವರ್ಷ ಕಾದ ಕಪ್. ಸರ್ಕಾರ ಹೈಕೋರ್ಟಿಗೆ ಕೊಟ್ಟ ವರದಿಯ ಪ್ರಕಾರ, ಮರುದಿನ ಬೆಳಿಗ್ಗೆ 7ರ ಹೊತ್ತಿಗೇ ತಂಡದ ಸೋಷಿಯಲ್ ಮೀಡಿಯಾ ಖಾತೆಯಲ್ಲಿ ವಿಜಯ ಮೆರವಣಿಗೆಯ ಸುದ್ದಿ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಟ್ರಾಫಿಕ್ ಪೊಲೀಸರು ಮೆರವಣಿಗೆ ಇಲ್ಲ ಅಂದರು. 3.14ಕ್ಕೆ ತಂಡ ಮತ್ತೆ ಮೆರವಣಿಗೆ ಇದೆ, ಉಚಿತ ಪಾಸ್ ಇದೆ ಅಂತ ಹಾಕಿತು. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಜಾಗ ಇರುವುದು ಸುಮಾರು 35,000 ಜನಕ್ಕೆ. ಬಂದವರು ಎರಡರಿಂದ ಮೂರು ಲಕ್ಷ ಅಂತ ಮುಖ್ಯಮಂತ್ರಿಗಳೇ ಹೇಳಿದರು. ಆ ದಿನ ನಮ್ಮ ಮೆಟ್ರೋದಲ್ಲಿ ಓಡಾಡಿದವರು 9.66 ಲಕ್ಷ, ಅಲ್ಲಿವರೆಗಿನ ದಾಖಲೆ. ಸಂಜೆಯಷ್ಟರಲ್ಲಿ ಗೇಟುಗಳ ಹತ್ತಿರ 11 ಜನ ಸತ್ತಿದ್ದರು. ಗಾಯಗೊಂಡವರು 50ಕ್ಕೂ ಜಾಸ್ತಿ. ಸತ್ತವರೆಲ್ಲ ಎಳೆಯರು. ಕಾಲೇಜಿಗೆ ಹೋಗುವವರು, ಈಗಷ್ಟೇ ಕೆಲಸ ಹಿಡಿದವರು. ಎಲ್ಲರಿಗಿಂತ ಚಿಕ್ಕವಳು ಶಾಲೆಗೆ ಹೋಗುವ ಹುಡುಗಿ. ನನ್ನ ಮಗನಿಗಿಂತ ಒಂದೆರಡು ವರ್ಷ ದೊಡ್ಡವಳು ಅಷ್ಟೇ.

ಮಗನಿಗೆ 12. ವಾರಕ್ಕೆ ನಾಲ್ಕು ದಿನ ಕ್ರಿಕೆಟ್ ಕೋಚಿಂಗ್. ನೆಟ್ ಆಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನಲ್ಲಿ ತಂದ ಕಾಫಿ ಕುಡಿಯುತ್ತಾ, ಮೊಬೈಲಿನಲ್ಲೇ ಆಫೀಸು ಕೆಲಸ ಮುಗಿಸುವ ಅಮ್ಮಂದಿರಿರುತ್ತಾರಲ್ಲ, ನಾನು ಅವರಲ್ಲಿ ಒಬ್ಬಳು. ಜೂನ್ 4ರ ಮಧ್ಯಾಹ್ನ ಶಾಲೆಯಿಂದ ಬಂದವನೇ ಅಜ್ಜಿಯ ಫೋನಿನಿಂದ ಕರೆ ಮಾಡಿದ. "ಅಮ್ಮ, ಫ್ರೀ ಅಂತೆ. ಎಲ್ಲರೂ ಹೋಗ್ತಿದಾರೆ. ಕರ್ಕೊಂಡು ಹೋಗ್ತೀಯಾ?" ನಾನು ಹೇಳಿದ್ದು ಇಷ್ಟು: "ನಾಲ್ಕೂವರೆಗೆ ಮೀಟಿಂಗ್ ಇದೆ ಪುಟ್ಟ. ಇಲ್ದಿದ್ರೆ ಹೋಗಬಹುದಿತ್ತು."

ಈ ಮಾತನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಮರುದಿನದಿಂದ ಸುತ್ತಮುತ್ತ ಕೇಳಿದ್ದು ಒಂದೇ ಪ್ರಶ್ನೆ. ಅಷ್ಟು ಜನ ಇರುವ ಕಡೆ ಮಕ್ಕಳನ್ನು ಯಾಕೆ ಕಳಿಸಿದ್ರು? ಲಿಫ್ಟಿನಲ್ಲಿ, ಆಫೀಸಿನ ಊಟದ ಟೇಬಲ್ಲಿನಲ್ಲಿ, ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಅದೇ. ಕೇಳಿದವರಲ್ಲಿ ಎಷ್ಟೋ ಜನ ನನ್ನಂತೆಯೇ ಮೀಟಿಂಗ್ ಇತ್ತು ಅಂತ ಹೋಗದವರು. ಬುದ್ಧಿವಂತಿಕೆಯಿಂದ ಉಳಿದವರಲ್ಲ. ನಮ್ಮ ಮಕ್ಕಳು ಉಳಿದದ್ದು ಟ್ಯೂಷನ್ನಿಂದ, ಜ್ವರದಿಂದ, ಸಿಗದ ರಜೆಯಿಂದ. ಆ ಪ್ರಶ್ನೆ ಕೇಳಿದ ತಕ್ಷಣ ಸತ್ತವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗೋಡೆ ಎದ್ದುಬಿಡುತ್ತೆ. ಅವರು ತಪ್ಪು ಮಾಡಿದವರು, ನಾವು ಮಾಡದವರು. ಗೋಡೆಯ ಈಚೆ ಕೂತರೆ ಭಯ ಕಡಿಮೆ. ಹಾಗೆ ಕೂತವರು ಅಯ್ಯೋ ಪಾಪ ಅನ್ನಬಹುದು, ಜೊತೆಗೆ ಅಳುವುದಕ್ಕೆ ಆಗುವುದಿಲ್ಲ.

ಈ ಗೋಡೆಗೆ ಮೊದಲ ಕಲ್ಲು ಇಟ್ಟಿದ್ದು ನಾವು ಬಳಸಿದ ಪದವೇ ಅನ್ನುವುದು ನನ್ನ ಅನುಮಾನ. 'ಕಾಲ್ತುಳಿತ.' ಪತ್ರಿಕೆಯವರೂ ಅದನ್ನೇ ಬರೆದರು, ನಾವೂ ಅದನ್ನೇ ಹೇಳಿದೆವು. ಕಿವಿಗೊಟ್ಟು ಕೇಳಿ. ಯಾರೋ ಓಡಿದರು, ಯಾರನ್ನೋ ತುಳಿದರು ಅಂತ ತಾನೇ ಕೇಳಿಸುವುದು? ದನ ಬೆದರಿ ಓಡಿದ ಹಾಗೆ. ಇಂಥ ಗುಂಪುಗಳಲ್ಲಿ ಸಾಮಾನ್ಯವಾಗಿ ಆಗುವುದು ಹಾಗಲ್ಲ. ಒಂದು ಚದರ ಮೀಟರ್ ಜಾಗದಲ್ಲಿ, ಅಂದರೆ ಒಂದು ಸಣ್ಣ ಚಾಪೆಯಷ್ಟು ಅಗಲದಲ್ಲಿ, ನಾಲ್ಕು ಜನ ನಿಂತರೆ ಒತ್ತಾಗುತ್ತೆ, ಆದರೂ ನಡೆಯಬಹುದು. ಆರೇಳು ಜನ ಆದರೆ ಯಾರ ಕಾಲೂ ಅವರ ಮಾತು ಕೇಳುವುದಿಲ್ಲ. ಗುಂಪು ನೀರಿನಂತೆ ಅತ್ತಿತ್ತ ತೊನೆಯುತ್ತೆ. ಕೈ ಮೇಲೆತ್ತಲು ಆಗಲ್ಲ, ಎದೆ ಉಬ್ಬಿಸಲು ಜಾಗ ಇರಲ್ಲ. ಹೆಚ್ಚಿನವರು ತುಳಿತದಿಂದ ಸಾಯುವುದಿಲ್ಲ, ಉಸಿರುಕಟ್ಟಿ ಸಾಯುತ್ತಾರೆ. ಎಷ್ಟೋ ಸಲ ನಿಂತಲ್ಲೇ. ಐವತ್ತು ಅಡಿ ಹಿಂದೆ ಇರುವವರಿಗೆ ಮುಂದೇನಾಗುತ್ತಿದೆ ಅಂತ ಗೊತ್ತೇ ಇರುವುದಿಲ್ಲ. ಗೇಟು ತೆಗೆದಿರಬೇಕು ಅಂದುಕೊಂಡು ಒಂದು ಹೆಜ್ಜೆ ಮುಂದೆ ಹಾಕುತ್ತಾರೆ, ಅಷ್ಟೇ.

ಅಲ್ಲಿ ಸತ್ತವರನ್ನು ಕೊಂದದ್ದು ಪಕ್ಕದಲ್ಲಿದ್ದವರ ಕಾಲಲ್ಲ. ಎಷ್ಟು ಜನ ಬರುತ್ತಾರೆ, ಯಾವ ಗೇಟು ಯಾವಾಗ ತೆಗೆಯಬೇಕು, ಪಾಸು ಬೇಕೋ ಬೇಡವೋ ಅಂತ ಮೊದಲೇ ಯೋಚಿಸಬೇಕಾದವರು ಯೋಚಿಸಲಿಲ್ಲ. ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಅವರ ಆಯೋಗ ಜುಲೈನಲ್ಲಿ ಕೊಟ್ಟ ವರದಿ ಆರ್‌ಸಿಬಿ, ರಾಜ್ಯ ಕ್ರಿಕೆಟ್ ಸಂಸ್ಥೆ, ಕಾರ್ಯಕ್ರಮ ನಡೆಸಿದ ಡಿಎನ್ಎ ಕಂಪನಿ, ಪೊಲೀಸರು ಈ ನಾಲ್ವರತ್ತಲೂ ಬೊಟ್ಟು ಮಾಡಿತು. ಅದಕ್ಕೂ ಮುಂಚೆ ಸರ್ಕಾರ ಪೊಲೀಸ್ ಕಮಿಷನರ್ ಸೇರಿ ಐವರು ಅಧಿಕಾರಿಗಳನ್ನು ಅಮಾನತು ಮಾಡಿತ್ತು. ಒಬ್ಬ ಅಧಿಕಾರಿ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋದರು. ಪೊಲೀಸರು ದೇವರೂ ಅಲ್ಲ, ಜಾದೂಗಾರರೂ ಅಲ್ಲ ಅಂತ ಹೇಳಿ ನ್ಯಾಯಮಂಡಳಿ ಅಮಾನತು ರದ್ದು ಮಾಡಿತು, ಮೇಲ್ನೋಟಕ್ಕೆ ಹೊಣೆ ಆರ್‌ಸಿಬಿಯದು ಅಂದಿತು. ಯಾರ ಪಾಲು ಎಷ್ಟು ಅನ್ನುವುದನ್ನು ಕೋರ್ಟು ಬಿಡಿಸಲಿ. ಬಿಡಿಸಲೇಬೇಕು. ನಾನು ಹೇಳಹೊರಟದ್ದು ಅದರ ಪಕ್ಕದಲ್ಲಿ ಬಿದ್ದಿರುವ ಇನ್ನೊಂದು ವಿಷಯ. ಇಷ್ಟು ದೊಡ್ಡ ಊರು, ಹನ್ನೊಂದು ಎಳೆ ಜೀವ ಹೋದ ಮೇಲೆ ಒಟ್ಟಾಗಿ ಕೂತು ಅತ್ತಿತಾ?

ನಮಗೆ ಅಳಲು ಬರುವುದಿಲ್ಲ ಅಂತಲ್ಲ. ನಮ್ಮಮ್ಮನ ಊರಿನಲ್ಲಿ ಬೀದಿಯಲ್ಲಿ ಒಂದು ಸಾವಾದರೆ ಹೆಣ ಎತ್ತುವವರೆಗೂ ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. ಆಮೇಲೆ ಆ ಮನೆಗೆ ಊಟ ಹೋಗುವುದು ಬೇರೆಯವರ ಮನೆಯಿಂದ. 'ಮಾತಾಡ್ಸಿಕೊಂಡು ಬರೋದು' ಅಂತ ಒಂದು ಪದ್ಧತಿ ಇದೆ. ಜಗಳ ಆಡಿ ಮಾತು ಬಿಟ್ಟವರೂ ಸಾವಿನ ಮನೆಗೆ ಹೋಗಿ ಹತ್ತು ನಿಮಿಷ ಕೂತು ಬರುತ್ತಾರೆ. ಹೆಸರು ಮಾತಾಡ್ಸೋದು ಅಂತಿದ್ದರೂ ಮಾತು ಕಡಿಮೆ. ಹೇಗಾಯ್ತು ಅಂತ ಕೇಳುತ್ತಾರೆ. ಮನೆಯವರು ಇಪ್ಪತ್ತನೇ ಸಲ ಅದೇ ಕತೆ ಹೇಳುತ್ತಾರೆ. ಹಾಗೆ ಹೇಳಿ ಹೇಳಿ, ಆದದ್ದು ಆಗಿದೆ ಅಂತ ಅವರಿಗೇ ನಿಧಾನಕ್ಕೆ ಮನಸ್ಸಿಗೆ ಇಳಿಯುತ್ತೆ. ಯಾಕೆ ಕಳಿಸಿದ್ರಿ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಮನೆಯ ಹಿರಿಯರು ಹೊರಗೆ ಕರೆದು ಬೈಯುತ್ತಾರೆ.

ಹೀಗೆ ಬೀದಿಗೆ ಗೊತ್ತಿರುವ ಕೆಲಸ ಊರಿಗೆ ಯಾಕೆ ಬರಲಿಲ್ಲ?

ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಹಂಬೋಲ್ಟ್ ಅಂತ ಒಂದು ಊರಿದೆ. ಸುಮಾರು 6,000 ಜನ. ಅಲ್ಲಿನ ಜೂನಿಯರ್ ಐಸ್ ಹಾಕಿ ತಂಡ ಹಂಬೋಲ್ಟ್ ಬ್ರಾಂಕೋಸ್. 2018ರ ಏಪ್ರಿಲ್ 6ರಂದು ತಂಡದ ಬಸ್ಸು ಪ್ಲೇಆಫ್ ಪಂದ್ಯಕ್ಕೆ ನಿಪವಿನ್ ಕಡೆಗೆ ಹೊರಟಿತ್ತು. ಅಡ್ಡರಸ್ತೆಯಿಂದ ಒಂದು ಲಾರಿ ಸ್ಟಾಪ್ ಬೋರ್ಡಿನ ಹತ್ತಿರ ನಿಲ್ಲಿಸದೆ ಬಂತು. 16 ಜನ ಸತ್ತರು, 13 ಜನ ಗಾಯಗೊಂಡರು. ಸತ್ತವರಲ್ಲಿ 16ರಿಂದ 21ರ ವಯಸ್ಸಿನ ಹುಡುಗರು, ಕೋಚುಗಳು, ಪಂದ್ಯದ ಕಾಮೆಂಟರಿ ಹೇಳುತ್ತಿದ್ದವರು, ಬಸ್ಸಿನ ಡ್ರೈವರ್. ಆ ಹುಡುಗರಲ್ಲಿ ಹೆಚ್ಚಿನವರು ಆ ಊರಿನವರಲ್ಲ. ಅಲ್ಲಿ ಜೂನಿಯರ್ ಹಾಕಿ ಆಡುವ ಮಕ್ಕಳು ತಂಡದ ಊರಿನಲ್ಲಿ ಯಾರದೋ ಮನೆಯಲ್ಲಿ ಉಳಿದುಕೊಳ್ಳುತ್ತಾರೆ. ಆ ಮನೆಯವರು ಸೀಸನ್ ಪೂರ್ತಿ ಅನ್ನ ಹಾಕುತ್ತಾರೆ, ಬಟ್ಟೆ ಒಗೆಯುತ್ತಾರೆ, ತಡವಾಗಿ ಬಂದರೆ ಬೈಯುತ್ತಾರೆ. ಹೀಗಾಗಿ ಒಬ್ಬ ಹುಡುಗ ಸತ್ತರೆ ಎರಡು ಊರಿನಲ್ಲಿ ಎರಡು ತಾಯಂದಿರು.

ಒಂದು ಸಂಗತಿ ನನ್ನನ್ನು ಬಿಡುವುದಿಲ್ಲ. ಪ್ಲೇಆಫ್ ಖುಷಿಗೆ ತಂಡದ ಹುಡುಗರೆಲ್ಲ ಕೂದಲಿಗೆ ಒಂದೇ ಹೊಂಬಣ್ಣ ಹಚ್ಚಿಸಿಕೊಂಡಿದ್ದರು. ನಮ್ಮ ಮಕ್ಕಳು ಒಂದೇ ಜೆರ್ಸಿ ಹಾಕಿಕೊಳ್ಳುವ ಹಾಗೆ. ಅಪಘಾತವಾದ ಮೇಲೆ ಗುರುತು ಹಿಡಿಯುವಾಗ ಇಬ್ಬರು ಹುಡುಗರು ಅದಲುಬದಲಾದರು. ಒಂದು ಮನೆಯವರು ಬದುಕಿದ್ದ ಮಗನನ್ನು ಸತ್ತ ಅಂದುಕೊಂಡಿದ್ದರು. ಇನ್ನೊಂದು ಮನೆಯವರು ಆಸ್ಪತ್ರೆಯಲ್ಲಿ ಬೇರೆಯವರ ಮಗನನ್ನು ತಮ್ಮವನೇ ಅಂದುಕೊಂಡು ಕಾಯುತ್ತಿದ್ದರು. ಎರಡು ದಿನ ಕಳೆದ ಮೇಲೆ ನಿಜ ಗೊತ್ತಾಯಿತು. ಮಕ್ಕಳು ಒಂದೇ ಥರ ಕಾಣಿಸಬೇಕು ಅಂತ ಆಸೆಪಡುವುದು ಆಟದ ಸೊಗಸು. ಆ ಸೊಗಸೇ ಅವರನ್ನು ಗುಂಪಿನಲ್ಲಿ ಕಳೆದುಹೋಗುವ ಹಾಗೂ ಮಾಡುತ್ತೆ.

ಹಂಬೋಲ್ಟಿನಲ್ಲಿ ಎರಡೇ ದಿನದಲ್ಲಿ, ಆ ತಂಡ ಆಡುತ್ತಿದ್ದ ಅದೇ ಅಂಗಣದಲ್ಲಿ ಊರೆಲ್ಲ ಸೇರಿತು. ದೇಶದ ತುಂಬ ಜನ ತಮ್ಮ ಮನೆಯ ಬಾಗಿಲ ಹೊರಗೆ ಒಂದು ಹಾಕಿ ಸ್ಟಿಕ್ ಇಟ್ಟರು. ರಾತ್ರಿ ದೀಪ ಹಾಕಿಟ್ಟರು, ಆ ಹುಡುಗರಿಗೆ ಬೇಕಾದರೆ ಇರಲಿ ಅಂತ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ ಅನಿಸುತ್ತೆ, ಮನೆಯಲ್ಲಿ ಹಾಕಿ ಸ್ಟಿಕ್ ಇರುವುದು ಅಂದರೆ ಏನು ಅಂತ ಅವರಿಗೆ ಗೊತ್ತು. ಕ್ರಿಕೆಟ್ಟಿನಲ್ಲೂ ಇಂಥದ್ದು ಆಗಿತ್ತು. 2014ರ ನವೆಂಬರಿನಲ್ಲಿ ಚೆಂಡು ಬಡಿದು ಫಿಲಿಪ್ ಹ್ಯೂಸ್ ಸತ್ತಾಗ ಜಗತ್ತಿನ ಎಷ್ಟೋ ಕಡೆ ಮನೆ ಬಾಗಿಲಲ್ಲಿ ಬ್ಯಾಟು ನಿಲ್ಲಿಸಿದ್ದರು.

ಹಂಬೋಲ್ಟ್ ಅಂದರೆ ಎಲ್ಲ ಚೆಂದವೇ ಅಂದುಕೊಳ್ಳಬೇಡಿ. ಜನ ಕೊಟ್ಟ ದುಡ್ಡು 1.5 ಕೋಟಿ ಕೆನಡಾ ಡಾಲರ್ ದಾಟಿತು. ಅದನ್ನು ಹಂಚುವಾಗ ಕೋರ್ಟಿಗೇ ಹೋಗಬೇಕಾಯಿತು. ಸತ್ತವರ ಮನೆಗೆ ತಲಾ 5,25,000 ಡಾಲರ್, ಬದುಕಿದವರಿಗೆ ತಲಾ 4,75,000 ಡಾಲರ್ ಅಂತ ತೀರ್ಮಾನವಾಯಿತು. ಬದುಕಿದವರಲ್ಲಿ ಕೆಲವರು ಇನ್ನು ನಡೆಯಲಾರರು. ಈ ಲೆಕ್ಕ ಯಾರಿಗೆ ತಾನೇ ಸರಿ ಅನಿಸೀತು? ಲಾರಿ ಓಡಿಸುತ್ತಿದ್ದವನು ಭಾರತದಿಂದ ಹೋಗಿದ್ದ ಯುವಕ. ಎಲ್ಲ ಆರೋಪವನ್ನೂ ಒಪ್ಪಿಕೊಂಡ. ನನ್ನಿಂದ ಈ ಮನೆಯವರು ವಿಚಾರಣೆಯ ಕಷ್ಟವನ್ನೂ ಅನುಭವಿಸುವುದು ಬೇಡ ಅಂದ. 2019ರಲ್ಲಿ 8 ವರ್ಷ ಜೈಲಾಯಿತು. ಮಕ್ಕಳನ್ನು ಕಳೆದುಕೊಂಡ ಕೆಲವರು ಅವನನ್ನು ಕ್ಷಮಿಸಿದೆವು ಅಂದರು, ಕೆಲವರು ಆಗಲ್ಲ ಅಂದರು. 2024ರಲ್ಲಿ ಗಡೀಪಾರು ಆದೇಶ ಬಂದಾಗಲೂ ಹಾಗೇ ಎರಡು ಮಾತು. ಒಟ್ಟಾಗಿ ಅಳುವುದು ಅಂದರೆ ಎಲ್ಲರಿಗೂ ಒಂದೇ ಅಭಿಪ್ರಾಯ ಇರಬೇಕು ಅಂತಲ್ಲ. ಅತ್ತು ಸುಮ್ಮನೆ ಕೂರುವುದು ಅಂತಲೂ ಅಲ್ಲ. ಒಂದು ವರ್ಷದೊಳಗೆ ಆ ಪ್ರಾಂತ್ಯದಲ್ಲಿ ದೊಡ್ಡ ಲಾರಿ ಓಡಿಸಬೇಕು ಅಂದರೆ 121.5 ಗಂಟೆ ತರಬೇತಿ ಕಡ್ಡಾಯವಾಯಿತು. ಸತ್ತ ಹುಡುಗರಲ್ಲಿ ಒಬ್ಬ ಅಂಗಾಂಗ ದಾನಕ್ಕೆ ಹೆಸರು ಬರೆಸಿದ್ದ. ಆರು ಜನಕ್ಕೆ ಅದು ಸಿಕ್ಕಿತು. ಪ್ರತಿ ವರ್ಷ ಏಪ್ರಿಲ್ 7ಕ್ಕೆ ಅವನ ನೆನಪಿಗೆ ಹಸಿರು ಅಂಗಿ ಹಾಕಿಕೊಳ್ಳುತ್ತಾರೆ.

ಅದು ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು, ಬೆಂಗಳೂರಿಗೆ ಹೋಲಿಸಬೇಡಿ ಅಂತ ನನ್ನ ಗಂಡ ಹೇಳಿದ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಕೋಲ್ಕತ್ತ ಸಣ್ಣ ಊರಲ್ಲ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ತಂಡಗಳ ಫುಟ್‌ಬಾಲ್ ಪಂದ್ಯ ನಡೆಯುವಾಗ ಗ್ಯಾಲರಿಯಲ್ಲಿ ಗಲಾಟೆಯಾಗಿ 16 ಅಭಿಮಾನಿಗಳು ಸತ್ತರು. ಎರಡು ತಂಡದವರೂ ಒಬ್ಬರ ಮುಖ ಒಬ್ಬರು ನೋಡದವರು. ಆದರೂ ಅಲ್ಲಿ ಆಗಸ್ಟ್ 16 ಅಂದರೆ ಇವತ್ತಿಗೂ ಫುಟ್‌ಬಾಲ್ ಪ್ರೇಮಿಗಳ ದಿನ. ರಕ್ತದಾನ ಶಿಬಿರ ನಡೆಯುತ್ತೆ. ಅವತ್ತು ಕೆಂಪು-ಹಳದಿಯವರೂ ಹಸಿರು-ಮೆರೂನಿನವರೂ ರಕ್ತ ಕೊಡುತ್ತಾರೆ.

ಇಂಗ್ಲೆಂಡಿನ ಲಿವರ್‌ಪೂಲ್ ಕೂಡ ಸಣ್ಣ ಊರಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ಆ ಊರಿನ ಫುಟ್‌ಬಾಲ್ ತಂಡದ ಅಭಿಮಾನಿಗಳು ಕಂಬಿಗೆ ಒತ್ತಿಕೊಂಡು ಉಸಿರುಕಟ್ಟಿ ಸತ್ತರು. ಈಗ ಲೆಕ್ಕದಲ್ಲಿರುವುದು 97 ಜನ. ಮೊದಮೊದಲು ಅಲ್ಲೂ ಇದೇ ಮಾತು, ಅಭಿಮಾನಿಗಳು ಕುಡಿದು ನುಗ್ಗಿದರು ಅಂತ. ಪೊಲೀಸರು ಹೇಳಿದರು, ದಿ ಸನ್ ಪತ್ರಿಕೆ ಅದನ್ನು ಮುಖಪುಟದಲ್ಲಿ ಹಾಕಿತು. ತಪ್ಪು ಪೊಲೀಸ್ ನಿರ್ವಹಣೆಯದು ಅಂತ ನ್ಯಾಯಾಧೀಶರೊಬ್ಬರು ಅದೇ ವರ್ಷ ವರದಿ ಕೊಟ್ಟರೂ ಆ ಸುಳ್ಳು ಸಾಯಲಿಲ್ಲ. ಅಭಿಮಾನಿಗಳ ತಪ್ಪಿಲ್ಲ, ಇದು ಕಾನೂನುಬಾಹಿರ ಹತ್ಯೆ ಅಂತ ತೀರ್ಪು ಬಂದದ್ದು 2016ರಲ್ಲಿ. 27 ವರ್ಷ! ಅಷ್ಟು ವರ್ಷವೂ ಸತ್ತವರ ಅಪ್ಪ ಅಮ್ಮಂದಿರು ಬಿಡಲಿಲ್ಲ, ಊರು ಅವರ ಕೈ ಬಿಡಲಿಲ್ಲ. ಆ ಪತ್ರಿಕೆಯನ್ನು ಲಿವರ್‌ಪೂಲಿನಲ್ಲಿ ಇವತ್ತಿಗೂ ಎಷ್ಟೋ ಅಂಗಡಿಯವರು ಇಡುವುದಿಲ್ಲ.

ಹಾಗಾದರೆ ಊರಿನ ಗಾತ್ರ ನೆಪ ಅಷ್ಟೇ. ನನಗೆ ಕಾಣುವ ಕಾರಣ ಬೇರೆ. ನಮ್ಮಲ್ಲಿ ಸಾವು ಬಂದದ್ದು ಮದುವೆ ಮನೆಗೆ. ಮದುವೆ ಮನೆಗೆ ಸಾವಿನ ಸುದ್ದಿ ಬಂದರೆ ಏನು ಮಾಡುತ್ತಾರೆ? ತಾಳಿ ಕಟ್ಟುವವರೆಗೂ ಹೇಳಬೇಡಿ ಅನ್ನುತ್ತಾರೆ. ಗುಸುಗುಸು ಮೂಲೆಯಲ್ಲಿ, ವಾಲಗ ಚಪ್ಪರದಲ್ಲಿ. ಜೂನ್ 4ರಂದು ಹೊರಗೆ ಆಂಬುಲೆನ್ಸ್ ಓಡುತ್ತಿದ್ದಾಗ ಸ್ಟೇಡಿಯಂ ಒಳಗೆ ಸ್ವಲ್ಪ ಹೊತ್ತಾದರೂ ಕಾರ್ಯಕ್ರಮ ನಡೆಯಿತು. ಆಮೇಲೆ ಮೊಟಕು ಮಾಡಿದರು. ನಮ್ಮ ಮನೆಯಲ್ಲೂ ಅದೇ ಆಯಿತು. ಟಿವಿಯ ಅರ್ಧ ಪರದೆಯಲ್ಲಿ ಕಪ್, ಇನ್ನರ್ಧದಲ್ಲಿ ಆಸ್ಪತ್ರೆ. ಮಗ ಯಾವ ಅರ್ಧ ನೋಡಬೇಕು ಅಂತ ನನ್ನ ಮುಖ ನೋಡಿದ. ಆ ಖುಷಿಯಲ್ಲಿ ನಾವೂ ಪಾಲುದಾರರು. ಹಿಂದಿನ ರಾತ್ರಿ ಪಟಾಕಿ ಹೊಡೆದವರು, ಸ್ಟೇಟಸ್ ಹಾಕಿದವರು. ಸೂತಕವಾದರೆ ಆ ಖುಷಿಯನ್ನೂ ಮುಟ್ಟಬೇಕಾಗುತ್ತಲ್ಲ ಅಂತ ಹಿಂದೇಟು ಹಾಕಿದೆವು. 18 ವರ್ಷ ಕಾದು ಸಿಕ್ಕಿದ್ದು, ಒಂದೇ ದಿನಕ್ಕೆ ಕೈಬಿಡುವುದು ಹೇಗೆ?

ಇನ್ನೊಂದು ಕಾರಣವೂ ಇದೆ. ಮೋಹನ್ ಬಗಾನಿಗೆ ಮೈದಾನ ಇದೆ, ಕ್ಲಬ್ಬಿನ ಮನೆ ಇದೆ, ತಲೆತಲಾಂತರದ ಸದಸ್ಯರಿದ್ದಾರೆ. ಆರ್‌ಸಿಬಿಯ 'ನಾವು' ಇರುವುದು ಎಲ್ಲಿ? ಫೋನಿನಲ್ಲಿ. ಅರಳಿಕಟ್ಟೆಯಂತೆ ಕೂತು ಅಳಲು ಒಂದು ಜಾಗ ಇಲ್ಲ. ಕರೆ ಬಂದದ್ದು ಫೋನಿನಿಂದ, ಅದೇ ಫೋನು ಸಾವಾದ ಮೇಲೆ ಸುಮ್ಮನಾಯಿತು. ತಂಡದ ಖಾತೆ ಮತ್ತೆ ಮಾತಾಡಿದ್ದು ಆಗಸ್ಟ್ 28ಕ್ಕೆ, ಹತ್ತಿರ ಹತ್ತಿರ ಮೂರು ತಿಂಗಳಾದ ಮೇಲೆ. ಎರಡು ದಿನ ಬಿಟ್ಟು ಪ್ರತಿ ಮನೆಗೆ 25 ಲಕ್ಷ ರೂಪಾಯಿ ಕೊಡುವುದಾಗಿ ಹೇಳಿತು. ಮೊದಲು ಹೇಳಿದ್ದು 10 ಲಕ್ಷ. ಸರ್ಕಾರವೂ 10 ಲಕ್ಷದಿಂದ ಶುರು ಮಾಡಿ 25ಕ್ಕೆ ಏರಿಸಿತ್ತು. ಪರಿಹಾರ ಬೇಡ ಅನ್ನುತ್ತಿಲ್ಲ, ಕೊಡಲೇಬೇಕು. ಆದರೆ ದುಡ್ಡು ಘೋಷಣೆ ಮಾಡುವುದು ಬೇರೆ, ಹೋಗಿ ಮಾತಾಡ್ಸಿಕೊಂಡು ಬರುವುದು ಬೇರೆ. ಮೂರು ತಿಂಗಳ ಮೌನಕ್ಕೆ ಅವರದೇ ಕಾರಣಗಳಿರಬಹುದು, ವಕೀಲರು ಬೇಡ ಅಂದಿರಬಹುದು. ಸಾವಿನ ಮನೆಗೆ ತಡವಾಗಿ ಹೋದವರನ್ನು ನಮ್ಮ ಕಡೆ ಏನನ್ನುತ್ತಾರೆ ಅಂತ ನಿಮಗೂ ಗೊತ್ತು.

ತಂಡವನ್ನೇ ಬೈದು ಸುಮ್ಮನಾಗುವುದು ಸುಲಭ. ನಾವೇನು ಮಾಡಿದೆವು? ಈ ಸಲ ಕಪ್ ನಮ್ದೇ ಅಂತ ವರ್ಷವರ್ಷ ಕೂಗಿದ ನಮಗೆ, ಕಪ್ ಬಂದಾಗ ಅದು ಎಲ್ಲರದ್ದೂ ಆಯಿತು, ಸಾವು ಮಾತ್ರ ಹನ್ನೊಂದು ಮನೆಯದ್ದಾಯಿತು. ಒಬ್ಬ ತಂದೆ ಮಗನ ಸಮಾಧಿಯ ಮೇಲೆ ಮಲಗಿ ಅಳುವ ವಿಡಿಯೊ ಎಲ್ಲರ ಫೋನಿಗೂ ಬಂತು. ನನಗೆ ಬಂದದ್ದು ಮೂರು ಸಲ, ಮೂರನೆಯದಕ್ಕೆ ಯಾರೋ ಹಿನ್ನೆಲೆಗೆ ಹಾಡು ಸೇರಿಸಿದ್ದರು. ಅದನ್ನು ಕಳಿಸಿದವರು ಕೆಟ್ಟವರಲ್ಲ, ಕಣ್ಣೀರಿನ ಇಮೋಜಿ ಹಾಕಿಯೇ ಕಳಿಸಿದ್ದರು. ನಾನು ನೋಡಿ ಅತ್ತು, ಮುಂದಿನ ಮೆಸೇಜಿಗೆ ಹೋದೆ. ಬೇರೆಯವರ ಮನೆಯ ಅಳುವನ್ನು ಕಿಟಕಿಯಿಂದ ನೋಡಿ ಹೊರಟುಬಿಡುವುದನ್ನು ಏನಂತ ಕರೆಯಬೇಕೋ ಗೊತ್ತಿಲ್ಲ. ಮಾತಾಡ್ಸೋದು ಅಂತೂ ಅಲ್ಲ.

ಜೂನ್ 8ರ ಭಾನುವಾರ ಕೋಚಿಂಗ್ ಮತ್ತೆ ಶುರುವಾಯಿತು. ಬಿಳಿ ಬಟ್ಟೆ ಹಾಕಿಕೊಂಡು ಬನ್ನಿ ಅಂತ ಸರ್ ಮೆಸೇಜ್ ಹಾಕಿದ್ದರು, ಕೆಂಪು ಬೇಡ ಅಂತ ಹೇಳಲು ಅವರಿಗೆ ಹೊಳೆದ ದಾರಿ ಅದು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದು ನಿಮಿಷ ಮೌನ ಅಂದರು. ಒಬ್ಬ ಅಪ್ಪ, "ಸರ್, ಚಿಕ್ಕ ಮಕ್ಕಳ ಮುಂದೆ ಇದೆಲ್ಲ ಬೇಕಾ? ಹೆದರ್ತಾರೆ" ಅಂದರು. ಇನ್ನೊಬ್ಬರು ಗಡಿಯಾರ ನೋಡಿಕೊಂಡರು. ಸರ್ ತಬ್ಬಿಬ್ಬಾದರು. ಆಗ ಮೊಮ್ಮಗನನ್ನು ಕರೆದುಕೊಂಡು ಬರುವ ಒಬ್ಬರು ಅಜ್ಜಿ ಕುರ್ಚಿಯಿಂದ ಎದ್ದು ಬಂದರು. ಕ್ರಿಕೆಟ್ಟಿನ ಗಂಧಗಾಳಿ ಇಲ್ಲದವರು, ಯಾವಾಗಲೂ ಬಟಾಣಿ ಸುಲಿಯುತ್ತಾ ಕೂರುವವರು. "ಹೆದರಲಿ ಬಿಡಿ, ಏನಾಗಲ್ಲ. ಆ ಮಕ್ಕಳ ಹೆಸರೇನಪ್ಪ?" ಅಂತ ಸರ್ ಅವರನ್ನು ಕೇಳಿದರು.

ಸರ್‌ಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅಲ್ಲಿದ್ದ ಮೂವತ್ತು ಜನ ದೊಡ್ಡವರಲ್ಲಿ ಒಬ್ಬರಿಗೂ ಹನ್ನೊಂದು ಹೆಸರು ಬರುತ್ತಿರಲಿಲ್ಲ. ಫೈನಲ್ ಆಡಿದ ಹನ್ನೊಂದು ಹೆಸರು ಮಾತ್ರ ಯಾವ ಮಗುವನ್ನು ಕೇಳಿದರೂ ಬ್ಯಾಟಿಂಗ್ ಕ್ರಮದಲ್ಲೇ ಹೇಳುತ್ತಿತ್ತು. ನಾನು ಫೋನಿನಲ್ಲಿ ಹುಡುಕಿ ಓದಿದೆ. ಹೆಸರು, ವಯಸ್ಸು, ಊರು. ಬೆಂಗಳೂರು, ಮಂಡ್ಯ, ಹಾಸನ, ಯಾದಗಿರಿ, ತಮಿಳುನಾಡು. ನಾಲ್ಕನೇ ಹೆಸರೋ ಐದನೆಯದೋ ಬಂದಾಗ ಸಾಲಿನಲ್ಲಿ ಒಬ್ಬ ಹುಡುಗ ತಟ್ಟನೆ ತಲೆ ಎತ್ತಿದ. ಅದು ಅವನದೇ ಹೆಸರು. ಪಕ್ಕದಲ್ಲಿದ್ದವನು ಅವನ ಕೈ ಹಿಡಿದುಕೊಂಡ. ಆ ಹೆಸರುಗಳನ್ನು ನಾನಿಲ್ಲಿ ಬರೆಯುತ್ತಿಲ್ಲ, ಆ ಮನೆಯವರನ್ನು ಕೇಳಿಲ್ಲ. ಮೌನ ಮುಗಿದ ಮೇಲೆ ಮಕ್ಕಳೇ ಹನ್ನೊಂದು ಬ್ಯಾಟು ತಂದು ಬೇಲಿಗೆ ಒರಗಿಸಿದರು. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಅವತ್ತು ಬ್ಯಾಟಿಂಗ್ ಆಡಲಿಲ್ಲ, ಕ್ಯಾಚಿಂಗ್ ಮಾತ್ರ. ಹೆದರುತ್ತಾರೆ ಅಂದಿದ್ದ ಅಪ್ಪನೇ ಕೊನೆಗೆ ಆ ಬ್ಯಾಟುಗಳನ್ನು ಒರೆಸಿ ಬ್ಯಾಗಿಗೆ ಹಾಕಿಕೊಟ್ಟರು.

ದೊಡ್ಡ ಸಾಧನೆ ಅಂತ ಹೇಳಿಕೊಳ್ಳುತ್ತಿಲ್ಲ. ಮುಂದಿನ ವಾರಕ್ಕೆ ನಮ್ಮ ಮಾತೆಲ್ಲ ಬೇರೆ ಕಡೆ ಹೋಗಿತ್ತು. ರಾಜ್ಯದ ಕ್ರಿಕೆಟ್ ಟೂರ್ನಿ ಮಹಾರಾಜ ಟ್ರೋಫಿಯ ಪಂದ್ಯಗಳು ಬೆಂಗಳೂರಿನಿಂದ ಮೈಸೂರಿಗೆ ಹೋದವು. ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ನವಿ ಮುಂಬೈಗೆ ಹೋದಾಗ, ಮಕ್ಕಳಿಗೆ ಟಿಕೆಟ್ ಸಿಗುತ್ತಿತ್ತು, ತಪ್ಪಿಹೋಯಿತು ಅಂತ ನಾನೇ ಗೊಣಗಿದೆ. ಆಮೇಲೆ ಯಾಕೆ ತಪ್ಪಿತು ಅಂತ ನೆನಪಾಯಿತು. ಜನಸಂದಣಿ ನಿಯಂತ್ರಣಕ್ಕೆ ಸರ್ಕಾರ 2025ರಲ್ಲಿ ಒಂದು ಮಸೂದೆ ತಂದಿತು. ಅನುಮತಿ ಇಲ್ಲದೆ ಜನ ಸೇರಿಸಿದರೆ ಜೈಲು, ದಂಡ ಅಂತೆಲ್ಲ ಅದರಲ್ಲಿದೆ. ಬರಲಿ. ಆದರೆ ಹಿಲ್ಸ್‌ಬರೋದ ಅಪ್ಪ ಅಮ್ಮಂದಿರ ಹಿಂದೆ ಒಂದು ಊರು ನಿಂತಿತ್ತು, ಅದಕ್ಕೇ 27 ವರ್ಷ ತಾಳಿದರು. ಇಲ್ಲಿ ಆ ಹನ್ನೊಂದು ಮನೆಯವರು ಕೋರ್ಟಿಗೆ, ಆಯೋಗಕ್ಕೆ, ಕಚೇರಿಗೆ ಓಡಾಡುವಾಗ ಹಿಂದೆ ತಿರುಗಿ ನೋಡಿದರೆ ಯಾರಿರುತ್ತಾರೆ? ದುಃಖ ಹಂಚಿಕೊಳ್ಳದೆ ನ್ಯಾಯ ಮಾತ್ರ ಸಿಗುತ್ತೆ ಅನ್ನುವುದು ನನಗೆ ನಂಬಿಕೆಯಿಲ್ಲ. ಕೇಳುವವರಿಲ್ಲದ ಕೇಸು ಹೇಗೆ ಎಳೆದಾಡುತ್ತೆ ಅಂತ ನಾವೇನು ನೋಡಿಲ್ಲವಾ?

ಇದನ್ನು ಬರೆಯುವಾಗ ಪಿತೃಪಕ್ಷ ನಡೆಯುತ್ತಿದೆ. ಮಹಾಲಯ ಅಮಾವಾಸ್ಯೆಗೆ ನಮ್ಮ ಕಡೆ ಹಿರಿಯರಿಗೆ ಎಡೆ ಇಡುತ್ತಾರೆ. ಹೊಸ ಬಟ್ಟೆ, ಅವರಿಗೆ ಇಷ್ಟವಾದ ತಿಂಡಿ, ಎಲೆಯಡಿಕೆ. ಸತ್ತವರು ಚಿಕ್ಕವರಾದರೂ ಇಡುತ್ತಾರೆ. ತಾತನಿಗೆ ಬೀಡಿ ಇಡುವ ಹಾಗೆ ಈ ಸಲ ಎಲ್ಲೋ ಒಂದು ಮನೆಯಲ್ಲಿ ಪಿಜ್ಜಾ ಇಡಬೇಕಾಗಬಹುದು. ಹೊಸ ಬಟ್ಟೆ ಅಂತ ಯಾವುದನ್ನು ಇಡುತ್ತಾರೋ.

ಆ ಕೆಂಪು ಜೆರ್ಸಿ ನಮ್ಮ ಮನೆಯ ಬೀರುವಿನಲ್ಲೇ ಇದೆ. ಎಸೆದಿಲ್ಲ. ಎಸೆಯಬೇಕು ಅಂತಲೂ ಅನಿಸುವುದಿಲ್ಲ, ಅವನ ಖುಷಿಯಲ್ಲಿ ತಪ್ಪೇನಿತ್ತು? ಕಳೆದ ವಾರ ಲೀಗ್ ಪಂದ್ಯ ಮುಗಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೆವು. ಕಿಟ್ ಬ್ಯಾಗು ಇಬ್ಬರ ಮೊಣಕಾಲಿನ ನಡುವೆ. ಕಬ್ಬನ್ ರಸ್ತೆಯ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು. ಸ್ಟೇಡಿಯಂ ಗೋಡೆ ಕಿಟಕಿಯ ಪಕ್ಕದಲ್ಲೇ. ಇವನು ಕಂಬಿಗೆ ಹಣೆ ಒತ್ತಿ ಗೇಟುಗಳ ನಂಬರು ಓದುತ್ತಿದ್ದ.

"ಅಮ್ಮ, ಯಾವುದ್ರ ಹತ್ರ?"

ಗೇಟಿಗೆ ಬೀಗ ಹಾಕಿತ್ತು. ಮುಂದೆ ಒಬ್ಬ ಎಳನೀರು ಮಾರುತ್ತಿದ್ದ. ನಾನು ಕೈ ತೋರಿಸಲು ಹೋದೆ, ಯಾವ ಕಡೆ ಅಂತ ಗೊತ್ತಾಗಲಿಲ್ಲ. ಸಿಗ್ನಲ್ ಬಿಟ್ಟಿತು.